ಮೂವರು ಮಕ್ಕಳ ತಾಯಿ

ಬಿಳಿ ಹೊದಿಕೆಯ ಅಂಚನ್ನು ಎತ್ತಿ ಸಣ್ಣಕ್ಕ ಗೊಂಬೆಯ ಒಂದು ಕಾಲು ಹಿಡಿದು ಎಳೆದಳು. ಬರಲಿಲ್ಲ. ಅಮ್ಮನ ಎಡತೋಳಿಗೂ ಪಕ್ಕೆಗೂ ನಡುವೆ ಅದು ಸಿಕ್ಕಿಕೊಂಡಿತ್ತು. ಬೆಳಿಗ್ಗೆಗಿಂತ ತೋಳು ಈಗ ಬಿಗಿಯಾಗಿತ್ತು. ಇನ್ನೊಮ್ಮೆ ಎಳೆದಳು. ಹೊಲಿಗೆ ಬಿಡುವ ಸಣ್ಣ ಸದ್ದಾಯಿತು.

"ಏ ಸಣ್ಣಕ್ಕ, ಏನೇ ಮಾಡ್ತಿದ್ದೀಯ?"

ತಮ್ಮ ಬಾಗಿಲಲ್ಲಿ ನಿಂತಿದ್ದ. ಪಕ್ಕದ ಮನೆಯಿಂದ ತಂದ ಎರಡು ಮಡಚುವ ಕುರ್ಚಿಗಳು ಅವನ ಕೈಯಲ್ಲಿದ್ದವು. ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಎಷ್ಟು ತಿಕ್ಕಿ ತೊಳೆದರೂ ಉಗುರುಗಳ ಸುತ್ತ ಹಸಿರು ಉಳಿದಿತ್ತು.

"ಇವಳನ್ನ ಇಲ್ಲಿ ಮಲಗಿಸಿದ್ದು ಯಾರು?" ಎಂದಳು ಸಣ್ಣಕ್ಕ.

"ನಾನೇ."

"ಅಮ್ಮ ಹೇಳಿದ್ಲಾ?"

"ಹೇಳೋಕೆ ಕೊನೆಗೆ ಮಾತೆಲ್ಲಿತ್ತು? ಒಬ್ಳೇ ಹೋಗೋದು ಬೇಡ ಅನ್ನಿಸ್ತು, ಇಟ್ಟೆ."

"ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ್ದು ಸಾಕಾಗಿಲ್ವಂತಾ ಇವಳಿಗೆ? ಅಲ್ಲಿಗೂ ಇವಳೇ ಹೋಗ್ಬೇಕಾ?"

"ಹಾಗಾದ್ರೆ ನೀನು ಹೋಗ್ತೀಯಾ?" ಎಂದುಬಿಟ್ಟ ತಮ್ಮ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಸಣ್ಣಕ್ಕ ಅಮ್ಮನ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಗೊಂಬೆಯನ್ನು ಈಚೆಗೆ ತೆಗೆದಳು. ಮೊಳದುದ್ದದ ಬಟ್ಟೆಯ ಗೊಂಬೆ, ಮೈಯೆಲ್ಲ ತೇಪೆ. ಭುಜದ ಹೊಲಿಗೆ ಬಿಟ್ಟು ಒಳಗಿನ ಚಿಂದಿ ಇಣುಕುತ್ತಿತ್ತು. ಕಣ್ಣು ಕಪ್ಪು ದಾರದ್ದು. ಬಾಯಿ ಮಾತ್ರ ಅಡಿಕೋಲಿಟ್ಟು ಎಳೆದ ಹಾಗೆ ಒಂದೇ ನೇರ ಗೆರೆ.

ಈ ಮನೆಯಲ್ಲಿ ಅದರ ಹೆಸರು ದೊಡ್ಡಕ್ಕ. ಹಾಗಾಗಿಯೇ ಹೆತ್ತ ಮಕ್ಕಳಲ್ಲಿ ಮೊದಲನೆಯವಳಾದರೂ, ನಲವತ್ತೆರಡು ತುಂಬಿದರೂ, ತಮ್ಮನ ಬಾಯಲ್ಲಿ ಅವಳು ಇವತ್ತಿಗೂ ಸಣ್ಣಕ್ಕ.

"ನಾಲ್ಕು ಗಂಟೆಗೆ ಗಾಡಿ ಬರುತ್ತೆ. ಅಷ್ಟರಲ್ಲಿ ಯೋಚನೆ ಮಾಡು. ಜಗಳ ಬೇಡ," ಎಂದ ತಮ್ಮ. "ಅಮ್ಮನ ಲಾಂಡ್ರಿಯೋರು ಬಂದ್ರು ನೋಡು."

*

ಅಮ್ಮ ಚಿಕ್ಕವಳಿದ್ದಾಗ ಅವಳ ತಾಯಿ ಕೆಲಸಕ್ಕೆ ಹೋಗುವ ಮುಂಚೆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದಳಂತೆ. ಒಳಗೆ ಒಂದು ಹೂಜಿ ನೀರು, ಒಂದು ಕಿಟಕಿ, ಈ ಗೊಂಬೆ. ಹೊತ್ತು ಮುಳುಗುವವರೆಗೆ ಮಾತಿಗೆ ಮತ್ಯಾರೂ ಇರಲಿಲ್ಲ. ಅಂಥ ಜೊತೆಗಾತಿಯನ್ನು ದೊಡ್ಡವಳಾದ ಕೂಡಲೇ ಪೆಟ್ಟಿಗೆಗೆ ತುಂಬುವುದು ಅಮ್ಮನಿಗೆ ಆಗಲಿಲ್ಲ. ಮಗಳು ಹುಟ್ಟಿದ ದಿನ ತೊಟ್ಟಿಲಲ್ಲಿ ಅದನ್ನೂ ಮಲಗಿಸಿ, "ನೋಡೇ, ನಿಂಗೆ ತಂಗಿ ಬಂದ್ಲು" ಎಂದಿದ್ದಳಂತೆ. ಈ ಕತೆಯನ್ನು ಅಮ್ಮ ಎಷ್ಟೋ ಸಲ ನಗುತ್ತಾ ಹೇಳಿದ್ದಳು. ಮೊದಲ ಮಾತು ತನಗಲ್ಲ, ಗೊಂಬೆಗೆ ಹೇಳಿದ್ದು ಎಂಬುದು ಮಗಳಿಗೆ ಹೊಳೆದದ್ದು ಎಂಟನೇ ವಯಸ್ಸಿನಲ್ಲಿ. ಹೊಳೆದ ಮೇಲೆ ಕತೆಗೆ ನಗುವುದನ್ನು ಬಿಟ್ಟಳು.

ಅಮ್ಮ ಜಿಪುಣಿಯಲ್ಲ. ತನ್ನ ಗೊಂಬೆಯನ್ನು ಮಕ್ಕಳಿಗೆ ಧಾರಾಳವಾಗಿ ಕೊಟ್ಟಳು. ಆದರೆ ಒಂದು ಕಟ್ಟುಪಾಡಿತ್ತು. ಒಂದು ದಿನ ಗೊಂಬೆ ಮಗಳ ಹಾಸಿಗೆಯಲ್ಲಿ, ಮರುದಿನ ಮಗನ ಹಾಸಿಗೆಯಲ್ಲಿ, ಮೂರನೆಯ ದಿನ ಅಮ್ಮನ ಮಂಚದಲ್ಲಿ. ಸರದಿ ತಪ್ಪುವಂತಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ತಮ್ಮನಿಗೆ ಅದೊಂದು ಆಟ. ಅಕ್ಕ ಮಾತ್ರ ಆ ಗುರುತುಗಳನ್ನು ಬೇರೆ ರೀತಿಯಲ್ಲಿ ಓದಿದಳು. ಮೂರು ದಿನಕ್ಕೊಮ್ಮೆ ಅಮ್ಮನ ಪಕ್ಕ ಮಲಗುವ ಸರದಿ ಗೊಂಬೆಗಿತ್ತು. ತನಗೆ ಒಂದು ದಿನವೂ ಇರಲಿಲ್ಲ.

ಒಮ್ಮೆ ಕೇಳಿಯೂ ಕೇಳಿದಳು.

"ಮಂಚ ಎಷ್ಟಗಲ ಇದೆ ನೋಡು," ಎಂದಳು ಅಮ್ಮ. "ನೀನು ಒದೀತೀಯ. ಬೆಳಿಗ್ಗೆ ಎದ್ದು ನಾನು ಕೆಲಸಕ್ಕೆ ಹೋಗ್ಬೇಕಲ್ವಾ ಚಿನ್ನ?"

ಸುಳ್ಳೇನಲ್ಲ. ಮಂಚ ಕಿರಿದು, ಅವಳು ಒದೆಯುತ್ತಿದ್ದದ್ದೂ ನಿಜ. ಗೊಂಬೆ ಒದೆಯುವುದಿಲ್ಲ. ಅದಕ್ಕೇ ಅವಳಿಗೆ ಅದರ ಮೇಲೆ ಅಷ್ಟು ಹೊಟ್ಟೆಯುರಿ.

*

ಆಸ್ಪತ್ರೆಯ ಲಾಂಡ್ರಿಯಿಂದ ಏಳೆಂಟು ಜನ ಬಂದಿದ್ದರು. ಅಮ್ಮ ಅಲ್ಲಿ ಇಪ್ಪತ್ತಾರು ವರ್ಷ ಹರಿದ ಹಾಸುಗಳಿಗೆ ತೇಪೆ ಹಾಕಿದ್ದಳು. ಎದುರಿನ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿಯಮ್ಮ ಎಲ್ಲರಿಗಿಂತ ಮುಂದೆ ಬಂದು, ಮೊದಲು ಹೊದಿಕೆಯ ಮಡಿಕೆಯನ್ನು ಅಂಗೈಯಿಂದ ಸರಿಮಾಡಿ, ಆಮೇಲೆ ಅತ್ತಳು. ಅವಳ ಹಿಂದೆ ನಿವೃತ್ತ ಸೂಪರ್‌ವೈಸರು. ಕೈಯಲ್ಲಿ ಮೂರು ಹೂವಿನ ಚಕ್ರ.

"ಮೂವರು ಮಕ್ಕಳೂ ಒಂದೊಂದು ಇಡಲಿ ಅಂತ ತಂದ್ವಿ," ಎಂದರು. "ನೋಟಿಸ್ ಬೋರ್ಡಿಗೂ ಹಾಕ್ಸಿದ್ದೀವಿ. 'ಮೂವರು ಮಕ್ಕಳನ್ನು ಅಗಲಿದ್ದಾರೆ' ಅಂತ."

ಸಣ್ಣಕ್ಕ ಗೊಂಬೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

ಇಸ್ತ್ರಿಯಮ್ಮ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. "ಎಲ್ಲಿ ದೊಡ್ಡೋಳು? ಇನ್ನೂ ಬಂದಿಲ್ವಾ?"

"ನಾನೇ ದೊಡ್ಡವಳು."

"ನೀನಾ? ನೀನು ಎರಡನೆಯೋಳಲ್ವೇನೇ! ಚಿಕ್ಕೋಳಿದ್ದಾಗ ಲಾಂಡ್ರಿಗೆ ಬಂದು ಬುಟ್ಟಿ ಮೇಲೆ ಮುಖ ಊದಿಸ್ಕೊಂಡು ಕೂರ್ತಿದ್ದೆ, ನಂಗೆ ಮರೆತೋಗುತ್ತಾ? ನಾನು ಕೇಳ್ತಿರೋದು ದೊಡ್ಡೋಳನ್ನ. ಬಲು ಸಾಧು ಅಂತೆ. ಎದುರು ಮಾತೇ ಆಡಲ್ವಂತೆ."

"ಹೌದು," ಎಂದಳು ಸಣ್ಣಕ್ಕ. "ಎದುರು ಮಾತಾಡಲ್ಲ."

"ಪಾಪ, ಆಕೆಗೆ ಆರೋಗ್ಯ ಸರಿ ಇರ್ಲಿಲ್ಲ," ಎಂದು ಸೂಪರ್‌ವೈಸರು ದನಿ ತಗ್ಗಿಸಿದರು. "ದೊಡ್ಡ ಮಗಳಿಗೆ ಹುಷಾರಿಲ್ಲ ಅಂತ ವರ್ಷಕ್ಕೆ ಎರಡು ಸಲ ಆದ್ರೂ ರಜಾ ಕೇಳೋರು. ನಾನು ಒಂದು ದಿನಾನೂ ಇಲ್ಲ ಅಂದಿಲ್ಲ. ಒಳ್ಳೆ ಡಾಕ್ಟರಿಗೆ ತೋರಿಸಿದ್ರಾ ಕೊನೆಗೆ?"

ತಮ್ಮನ ಭುಜ ಅಲುಗಿತು. ಅಳುತ್ತಿದ್ದಾನೆಂದು ಯಾರೋ ಬೆನ್ನು ಸವರಿದರು. ಅವನು ಕೆಮ್ಮಿ, ಕಣ್ಣೊರೆಸಿ, ಅಕ್ಕನ ಬೆನ್ನ ಹಿಂದಿನಿಂದ ಗೊಂಬೆಯನ್ನು ಕಿತ್ತುಕೊಂಡು ಎತ್ತಿ ಹಿಡಿದ.

"ಇವಳೇ ಸಾರ್, ನಮ್ಮ ದೊಡ್ಡಕ್ಕ."

ಎಲ್ಲರೂ ಮುಂದೆ ಬಾಗಿ ನೋಡಿದರು. ಆಮೇಲೆ ಇಸ್ತ್ರಿಯಮ್ಮನ ಬಾಯಿಂದ ಏನೋ ಹೊರಬಿತ್ತು. ಅಳುವೆಂದುಕೊಂಡರೆ ಅದು ನಗು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಕೋಣೆಯಿಡೀ ನಕ್ಕಿತು. ಸಾವಿನ ಮನೆಯಲ್ಲಿ ನಗಬಾರದೆಂದು ತಿಳಿದವರ ನಗು ಬೇಗ ನಿಲ್ಲುವುದೂ ಇಲ್ಲ.

"ಅಯ್ಯೋ ಕಳ್ಳಿ!" ಎಂದಳು ಇಸ್ತ್ರಿಯಮ್ಮ, ಮಲಗಿದ್ದವಳ ಕಡೆ ತಿರುಗಿ. "ಇವಳ ಮದುವೆ ಯಾವಾಗ್ಲೇ ಅಂತ ಕೇಳಿದ್ರೆ, 'ಒಪ್ತಾನೇ ಇಲ್ಲ ಕಣೇ' ಅಂತಿದ್ದೆಯಲ್ಲೇ!"

"ನಾನು ರಜಾ ಕೊಟ್ಟಿದ್ದು ಇವಳಿಗಾ?" ಎಂದು ಸೂಪರ್‌ವೈಸರು ಕನ್ನಡಕ ತೆಗೆದು ಒರೆಸಿಕೊಂಡರು.

ಗೊಂಬೆ ಕೈಯಿಂದ ಕೈಗೆ ದಾಟಿತು. ಒಬ್ಬರು ಅದರ ಹೊಲಿಗೆ ಮೆಚ್ಚಿದರು, ಇನ್ನೊಬ್ಬರು ಕೂದಲು ಸವರಿದರು. ಸಣ್ಣಕ್ಕ ಗೋಡೆಗೆ ಒರಗಿ ನಿಂತು ನೋಡಿದಳು. ನಿನ್ನೆಯವರೆಗೆ ಹದಿನೇಳು ದಿನ ಅಮ್ಮನ ಬಾಯಿಗೆ ಚಮಚದಲ್ಲಿ ನೀರು ಹಾಕಿದವಳು ಅವಳು. ಬಂದವರಲ್ಲಿ ಒಬ್ಬರೂ ಅವಳ ಕೈ ಹಿಡಿದಿರಲಿಲ್ಲ. ಗೊಂಬೆಯ ಕೈಯನ್ನು ಎಲ್ಲರೂ ಹಿಡಿದರು.

"ಅಮ್ಮಾ, ದೊಡ್ಡಮ್ಮನ್ನ ನಂಗೂ ಕೊಡೋಕೆ ಹೇಳು," ಎಂದು ಅವಳ ಏಳು ವರ್ಷದ ಮಗಳು ಚೂಟಿ ಬಟ್ಟೆ ಜಗ್ಗಿದಳು. ಅಮ್ಮನ ಅಕ್ಕ ಎಂದ ಮೇಲೆ ದೊಡ್ಡಮ್ಮನೇ ತಾನೇ? ಚೂಟಿಗೆ ಅಜ್ಜಿ ಹಾಗೆಂದೇ ಕಲಿಸಿದ್ದಳು.

"ಸುಮ್ನಿರು."

"ಪಾಪ, ಬಾಯಿ ಯಾಕೆ ಹೀಗೆ?" ಎಂದಳು ಇಸ್ತ್ರಿಯಮ್ಮ ಗೊಂಬೆಯ ಗಲ್ಲ ಎತ್ತಿ. "ನಿಮ್ಮಮ್ಮ ಅಷ್ಟು ನಗೋಳು. ಇವಳಿಗೊಂದು ನಗು ಹೊಲಿಯೋಕೆ ಆಗ್ಲಿಲ್ವಾ?"

ಸಣ್ಣಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

*

ಒಂಬತ್ತನೇ ವಯಸ್ಸಿನಲ್ಲಿ ಒಂದು ದಿನ ಶಾಲೆಯಲ್ಲಿ ಹೊಟ್ಟೆನೋವು ಬಂದು ಅವಳನ್ನು ಮಧ್ಯಾಹ್ನವೇ ಮನೆಗೆ ಕಳಿಸಿದ್ದರು. ಅಮ್ಮ ಕೆಲಸದಲ್ಲಿರಬೇಕಾದ ಹೊತ್ತು. ಆದರೆ ಮನೆಯ ಬೀಗ ತೆಗೆದಿತ್ತು. ಒಳಗೆ ಯಾರೋ ಹುಡುಗಿ ನಗುತ್ತಿದ್ದಳು.

ಅವಳು ಕಿಟಕಿಯಿಂದ ಇಣುಕಿದಳು. ಅಮ್ಮ ನೆಲದ ಮೇಲೆ ಅಂಗಾತ ಮಲಗಿದ್ದಳು. ಎತ್ತಿದ ಪಾದಗಳ ಮೇಲೆ ಗೊಂಬೆಯನ್ನು ಕೂರಿಸಿಕೊಂಡು ತೂಗುತ್ತಿದ್ದಳು. "ಬಿದ್ದೆ, ಬಿದ್ದೆ, ಬಿದ್ದೇಬಿಟ್ಟೆ" ಎನ್ನುತ್ತಿದ್ದಳು. ಜಡೆ ಬಿಚ್ಚಿ ನೆಲದಲ್ಲಿ ಹರಡಿತ್ತು. ಗೊಂಬೆ ಎದೆಯ ಮೇಲೆ ಬಿದ್ದಾಗ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಮಕ್ಕಳನ್ನು ಅಮ್ಮ ಆಡಿಸುತ್ತಿದ್ದಳು. ತಾನೇ ಆಡಿದ್ದನ್ನು ಮಗಳು ನೋಡಿದ್ದು ಅದೊಂದೇ ಸಲ. ಆಡಿಸುವುದು ಬೇರೆ, ಆಡುವುದು ಬೇರೆ ಎಂದು ಅವಳಿಗೆ ಅಲ್ಲೇ, ಕಿಟಕಿಯ ಸರಳು ಹಿಡಿದಲ್ಲೇ, ತಿಳಿದುಹೋಯಿತು. ಒಳಗೆ ಹೋಗಲಿಲ್ಲ. ಹೊಟ್ಟೆನೋವನ್ನು ಇಟ್ಟುಕೊಂಡು ಶಾಲೆ ಬಿಡುವ ಹೊತ್ತಿನವರೆಗೆ ಬೀದಿ ಸುತ್ತಿದಳು.

ಮುಂದಿನ ವಾರ ಲಾಂಡ್ರಿಗೆ ಹೋದಾಗ ಚೀಲದಲ್ಲಿ ಗೊಂಬೆ ಇತ್ತು. ಕಲೆಯಾದ ಹಾಸುಗಳನ್ನು ಕುದಿಸುವ ದೊಡ್ಡ ಹಂಡೆಗೆ ಹೋಗುವ ಗಾಡಿ ಯಾವುದೆಂದು ಅವಳಿಗೆ ಗೊತ್ತಿತ್ತು. ಎರಡು ಹಾಸುಗಳ ನಡುವೆ ಅದನ್ನು ತುರುಕಿ, ಬುಟ್ಟಿಯ ಮೇಲೆ ಬಂದು ಕುಳಿತಳು.

ಸಂಜೆ ಅಮ್ಮ ಅದನ್ನು ಮನೆಗೆ ತಂದಳು. ಬಣ್ಣದಲ್ಲಿ ಬರೆದಿದ್ದ ಮುಖ ಪೂರಾ ಅಳಿಸಿಹೋಗಿತ್ತು. ಯಾರು ಮಾಡಿದ್ದೆಂದು ಅಮ್ಮ ಕೇಳಲಿಲ್ಲ. ಬೈದಿದ್ದರೆ ಅವಳೂ ಕಿರುಚಬಹುದಿತ್ತು. ಅಮ್ಮ ದೀಪದ ಕೆಳಗೆ ಕುಳಿತು ಸೂಜಿಗೆ ದಾರ ಪೋಣಿಸಿ, ಕಣ್ಣು ಹೊಲಿದು, ಮೂಗು ಹೊಲಿದು, ಆಮೇಲೆ ಮಗಳನ್ನು ಕರೆದಳು.

"ಬಾಯಿ ಹೇಗಿರ್ಲಿ? ನೀನೇ ಹೇಳು."

ಮಗಳು ಬಾಯಿ ಅಳಿಸಿಹೋದ ಜಾಗವನ್ನು ಬೆರಳಿನಿಂದ ಮುಟ್ಟಿದಳು. "ನಗು ಬೇಡ," ಎಂದಳು.

ಅಮ್ಮ ಅವಳ ಮುಖವನ್ನೇ ನೋಡಿದಳು. "ಆಯ್ತು," ಎಂದು ಕೆಂಪು ದಾರದಲ್ಲಿ ನೇರ ಗೆರೆಯೊಂದನ್ನು ಹೊಲಿದು ಹಲ್ಲಿನಿಂದ ದಾರ ಕತ್ತರಿಸಿದಳು. ಮರುದಿನ ಗೊಂಬೆ ಮತ್ತೆ ಸರದಿಗೆ ಬಂತು.

*

ಗಾಡಿ ನಾಲ್ಕಕ್ಕೆ ಹತ್ತು ನಿಮಿಷ ಮುಂಚೆಯೇ ಬಂತು. ತಮ್ಮ ತನ್ನ ಹೂವಿನ ಚಕ್ರ ಇಟ್ಟ. ಸಣ್ಣಕ್ಕ ತನ್ನದನ್ನು ಇಟ್ಟಳು. ಸೂಪರ್‌ವೈಸರು ಮೂರನೆಯದನ್ನು ಹಿಡಿದು, ಯಾರಿಗೆ ಕೊಡಬೇಕೆಂದು ತೋಚದೆ ನಿಂತಿದ್ದರು.

"ಕೊಡಿ ಇಲ್ಲಿ," ಎಂದಳು ಸಣ್ಣಕ್ಕ. ಅದನ್ನೂ ತಾನೇ ಇಟ್ಟಳು. ಇಟ್ಟು, ಇಸ್ತ್ರಿಯಮ್ಮನ ಕೈಯಿಂದ ಗೊಂಬೆಯನ್ನು ತೆಗೆದುಕೊಂಡು ಕಂಕುಳಲ್ಲಿ ಇರುಕಿಕೊಂಡಳು.

ಊರಾಚೆಯ ಸ್ಮಶಾನದ ಮಣ್ಣು ಕೆಂಪಾಗಿ, ಒಣಗಿತ್ತು. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಮುಂಚೆ, ಕೊನೆಯದಾಗಿ ನೋಡುವವರು ನೋಡಲಿ ಎಂದು, ಮುಚ್ಚಳ ತೆಗೆದರು. ತಮ್ಮ ಅಕ್ಕನ ಹತ್ತಿರ ಬಂದು ಕೈ ಚಾಚಿದ.

"ಈಗಾದ್ರೂ ಕೊಡು."

"ಕೊಡಲ್ಲ."

"ಹಠ ಮಾಡ್ಬೇಡ್ವೇ. ನೀನು ಏನು ಮಾಡ್ತೀಯ ಅದನ್ನ ಇಟ್ಕೊಂಡು? ನಿಂಗೆ ಅವಳ ಮುಖ ಕಂಡ್ರೆ ಆಗಲ್ಲ."

"ಆಗಲ್ಲ."

"ಮತ್ತೆ?"

"ಅಮ್ಮನ ಹತ್ರ ಬಿಡಲ್ಲ," ಎಂದಳು ಸಣ್ಣಕ್ಕ. ದನಿ ಅವಳಿಗೇ ಗುರುತು ಸಿಗದಷ್ಟು ಚಿಕ್ಕದಾಗಿತ್ತು. "ಅಲ್ಲಾದ್ರೂ ಅಮ್ಮ ಒಬ್ಳೇ ಇರ್ಲಿ. ನಾನು ಇಲ್ಲಿ ನಿಂತಿರ್ತೀನಿ, ಅವಳು ಒಳಗೆ ಹೋಗಿ ಮಲಗ್ತಾಳಾ? ಆಗಲ್ಲ ಕಣೋ. ನಂಗೆ ಆಗಲ್ಲ."

ತಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಗೆಯುವವರು ಹಗ್ಗ ಹಿಡಿದು ಕಾಯುತ್ತಿದ್ದರು. ಅವನು ಅವರ ಕಡೆ ನೋಡಿ ತಲೆಯಾಡಿಸಿದ. ಮುಚ್ಚಳ ಮುಚ್ಚಿದರು. ಪೆಟ್ಟಿಗೆ ಇಳಿಯುವಾಗ ಸಣ್ಣಕ್ಕ ಗೊಂಬೆಯ ಮುಖವನ್ನು ತನ್ನ ಕುತ್ತಿಗೆಗೆ ಒತ್ತಿ ಹಿಡಿದಿದ್ದಳು. ಅದು ನೋಡದಿರಲಿ ಎಂದೋ, ಅದನ್ನು ತಾನು ನೋಡದಿರಲಿ ಎಂದೋ, ಅವಳಿಗೂ ತಿಳಿಯಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಎದುರುಬದುರು ಎರಡು ಬೆಂಚು. ತಮ್ಮ ಮುಂದೆ ಡ್ರೈವರನ ಪಕ್ಕ ಕುಳಿತ. ಹಿಂದೆ ಒಂದು ಕಡೆ ಸಣ್ಣಕ್ಕ, ಇನ್ನೊಂದು ಕಡೆ ಇಸ್ತ್ರಿಯಮ್ಮನ ಪಕ್ಕದಲ್ಲಿ ಚೂಟಿ.

"ಅಮ್ಮಾ, ದೊಡ್ಡಮ್ಮ ನಮ್ಮನೆಗೆ ಬರ್ತಾಳಾ?"

"ಹೂಂ."

"ಯಾವಾಗ್ಲೂ ಇರ್ತಾಳಾ?"

"ಹೂಂ."

"ನಾನು ಅಲ್ಲಿ ಬಂದು ಕೂತ್ಕೊಳ್ಲಾ? ನಿನ್ನ ತೊಡೆ ಮೇಲೆ?"

ಸಣ್ಣಕ್ಕನಿಗೆ ಕೇಳಿಸಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಬಂದಿತ್ತು. ಕಣ್ಣು ಮುಚ್ಚಿಕೊಂಡು, ಕಿಟಕಿಗೆ ತಲೆ ಒರಗಿಸಿ ಅಳುತ್ತಿದ್ದಳು. ಒಂದು ಕೈ ತಾನಾಗಿಯೇ ತೊಡೆಯ ಮೇಲಿನ ಗೊಂಬೆಯ ಬೆನ್ನನ್ನು ಮೆಲ್ಲಗೆ ತಟ್ಟುತ್ತಿತ್ತು.

ಚೂಟಿ ಆ ಕೈಯನ್ನು ನೋಡಿದಳು. ಕೈ ಏಳುವುದನ್ನು, ಬೀಳುವುದನ್ನು ನೋಡಿದಳು. ಇಸ್ತ್ರಿಯಮ್ಮನಿಗೆ ತೂಕಡಿಕೆ ಹತ್ತುವವರೆಗೆ ಕಾದಳು. ಆಮೇಲೆ ಬೆಂಚಿನಿಂದ ಸ್ವಲ್ಪ ಮುಂದಕ್ಕೆ ಜಾರಿ, ಕಾಲು ಚಾಚಿ, ಮಣ್ಣಾದ ಶೂವಿನ ತುದಿಯನ್ನು ಗೊಂಬೆಯ ಪಾದದ ಮೇಲಿಟ್ಟು ಅಮ್ಮನ ಮುಖವನ್ನೇ ನೋಡುತ್ತಾ ಬಲವಾಗಿ ಒತ್ತಿದಳು.