ಅರ್ಧ ಉಜ್ಜಿದ ಹೆಡ್‌ಲೈಟು

ಚಾಂದಸಾಬರಿಗೆ ಕಣ್ಣು ಕಾಣುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು, ಗಿರಾಕಿಗಳಿಗೆ ಗೊತ್ತಿರಲಿಲ್ಲ. ಅಳಿಯ ಮುಜಾಫರ್‌ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಸಿರುಗುಪ್ಪ ರಸ್ತೆಯ ಅವರ ಅಂಗಡಿಗೆ ಹಳೆಯ ಕಾರುಗಳು ಬರುತ್ತಿದ್ದವು, ಬಳ್ಳಾರಿ ಬಿಸಿಲಿಗೆ ಹಳದಿಗಟ್ಟಿ ಮಂಜಾದ ಹೆಡ್‌ಲೈಟು ಹೊತ್ತು. ಅವನ್ನು ನೀರು ಹಾಕಿ ಉಜ್ಜುಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಮೇಲೊಂದು ಕೋಟಿಂಗ್ ಬಳಿದು ಹೊಸದರ ಹಾಗೆ ಮಾಡಿಕೊಡುವುದು ಚಾಂದಸಾಬರ ಕಸುಬು. ಸಕ್ಕರೆ ಕಾಯಿಲೆ ಕಣ್ಣು ಕಿತ್ತುಕೊಂಡ ಮೇಲೂ ಅವರ ಬೆರಳು ಕೆಟ್ಟಿರಲಿಲ್ಲ. ಬೆರಳಲ್ಲೇ ಸವರಿ ಎಷ್ಟು ಉಜ್ಜಬೇಕೆಂದು ಹೇಳುತ್ತಿದ್ದರು. ಮುಜಾಫರ್ ಕೂಡ ಆ ಕೆಲಸ ಕಲಿತದ್ದು ಅವರ ಕೈಕೆಳಗೇ. ಆದರೂ ಹತ್ತು ವರ್ಷದಿಂದ ಕಾರು ನಿಲ್ಲಿಸಿದವರೆಲ್ಲ ಅವನನ್ನು ದಾಟಿಕೊಂಡು ಹೋಗಿ ಸ್ಟೂಲಿನ ಮೇಲಿನ ಮುದುಕನನ್ನೇ ಮಾತಾಡಿಸುತ್ತಿದ್ದರು. ಅಂಥ ಹೊತ್ತಲ್ಲಿ ಮುಜಾಫರ್ ಸ್ಪ್ಯಾನರ್ ಒರೆಸುತ್ತ ನಗುತ್ತಿದ್ದ. ಆ ನಗು ನಂಬುವಂಥದ್ದಲ್ಲ.

ಅವನಿಗೆ ಆ ಸ್ಟೂಲಿನ ಜಾಗ ಬೇಕಾಗಿತ್ತು. ಅಲ್ಲಿ ರ‍್ಯಾಕ್ ಇಟ್ಟು ಹೊಸ ಹೆಡ್‌ಲೈಟು ಮಾರಬೇಕು, ಉಜ್ಜುವ ಪಂಚಾಯಿತಿಯೇ ಬೇಡ ಎಂಬುದು ಅವನ ಲೆಕ್ಕಾಚಾರ. ಹೆಂಡತಿ ಮುಸ್ಕಾನ್ ಒಪ್ಪಿರಲಿಲ್ಲ. ಅಬ್ಬಾನ ಕೈ ನಡೆಯುವ ತನಕ ಆ ಸ್ಟೂಲು ಅಲ್ಲೇ ಇರುತ್ತದೆ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಳು. ಸರಿ, ಕೈ ನಡೆಯುವುದಿಲ್ಲವೆಂದು ತೋರಿಸಿದರಾಯಿತು ಎಂದುಕೊಂಡ ಮುಜಾಫರ್.

ಒಂದು ದಿನ ಪಾರ್ವತಿನಗರದ ಜಯತೀರ್ಥಾಚಾರ್ರು ತಮ್ಮ ಹಳೆಯ ಕಾರು ತಂದು ನಿಲ್ಲಿಸಿದರು. ಸಿರುಗುಪ್ಪದ ಕಾಲೇಜೊಂದರಲ್ಲಿ ಗುಮಾಸ್ತರಾಗಿದ್ದ ಅವರು ದಿನಾ ಅದೇ ಕಾರಿನಲ್ಲಿ ಹೋಗಿಬರುವವರು. ಹೊಸದು ಬೇಡ, ಚಾಂದಸಾಬರೇ ಉಜ್ಜಿಕೊಡಲಿ, ಮೂರು ವರ್ಷದ ಹಿಂದೆ ಮಾಡಿದ್ದು ಈಗ ಮಂಜಾಗಿದೆ ಅಷ್ಟೇ ಎಂದು ಹೇಳಿ ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋದರು. ಮುಜಾಫರ್ ಹೆಡ್‌ಲೈಟು ಬಿಚ್ಚಿದ, ಮಂಜಾದದ್ದನ್ನು ಬೆಂಚಿನ ಕೆಳಗೆ ತಳ್ಳಿದ. ಮಾರಲೆಂದು ಮೊದಲೇ ತರಿಸಿಟ್ಟಿದ್ದ ಡಬ್ಬಗಳಲ್ಲೊಂದರಿಂದ ಅದೇ ಮಾದರಿಯ ಹೊಚ್ಚ ಹೊಸದೊಂದನ್ನು ತೆಗೆದು ಮಾವನ ಮಡಿಲಲ್ಲಿಟ್ಟ.

ಚಾಂದಸಾಬರು ಬೆರಳಾಡಿಸಿದರು. ಬೆರಳು ನಿಂತಿತು. ಮತ್ತೆ ಆಡಿಸಿದರು.

"ನುಣುಪು ಐತಲ್ಲೋ ಬೇಟಾ?"

"ಕೈಗಿ ನುಣುಪು ಇರಬೌದು ಮಾವಾ. ಹಳದಿ ಆಗೈತಿ. ನನ್ನ ಕಣ್ಣಿಗಿ ಕಾಣಾಕತ್ತೈತಲ್ಲ."

ಕಣ್ಣಿನ ಮಾತು ಬಂದ ಮೇಲೆ ಮುದುಕ ಏನು ಹೇಳಿಯಾರು? ಅಳಿಯನ ಕಣ್ಣಿಗಿಂತ ತಮ್ಮ ಬೆರಳು ದೊಡ್ಡದು ಎನ್ನುವ ಧೈರ್ಯ ಅವರಿಗೆ ಆ ಹೊತ್ತಿಗೆ ಬರಲಿಲ್ಲ. ಬಕೆಟ್ಟಿನಲ್ಲಿ ಕಾಗದ ಅದ್ದಿ ಉಜ್ಜತೊಡಗಿದರು. ಎಡದಿಂದ ಬಲಕ್ಕೆ, ಗೆರೆ ಎಳೆದ ಹಾಗೆ ನೇರಕ್ಕೆ. ಸುತ್ತಿಸುತ್ತಿ ಉಜ್ಜುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಈ ಕೆಲಸದ ಗುಟ್ಟೊಂದಿದೆ. ಒರಟು ಕಾಗದದಲ್ಲಿ ಉಜ್ಜಿದಾಗ ಎಂಥ ಹೆಡ್‌ಲೈಟೂ ಹಾಲಿನಂತೆ ಬೆಳ್ಳಗಾಗುತ್ತದೆ, ಏನೇನೂ ಕಾಣುವುದಿಲ್ಲ. ಆಮೇಲೆ ನುಣ್ಣನೆಯ ಎರಡು ಕಾಗದ, ಪಾಲಿಶ್ ಬಂದಾಗಲೇ ತಿಳಿಯಾಗುವುದು. ನೋಡಿ ಗೊತ್ತಿಲ್ಲದವರಿಗೆ ಆ ನಡುವಿನ ಹೊತ್ತಿನಲ್ಲಿ ಎಲ್ಲ ಹಾಳಾಯಿತೆಂದೇ ಅನ್ನಿಸುತ್ತದೆ. ಮುಜಾಫರ್ ಕಾದದ್ದು ಆ ಹೊತ್ತಿಗೇ. ಮುಸ್ಕಾನ್ ತಿಂಡಿಯ ಡಬ್ಬಿ ತರುವುದೂ ಆಗಲೇ ಎಂದು ಅವನಿಗೆ ಗೊತ್ತಿತ್ತು.

ಜಯತೀರ್ಥಾಚಾರ್ರನ್ನು ಕೂಗಿ ಕರೆದ. ಮಾವನ ಕೈಯಿಂದ ಹೆಡ್‌ಲೈಟು ಕಸಿದು, ಪಕ್ಕದಲ್ಲಿ ಖಾಲಿ ಡಬ್ಬ ಹಿಡಿದು ತೋರಿಸಿದ.

"ಹೊಸಾ ಹೆಡ್‌ಲೈಟು ನೋಡ್ರಿ ಆಚಾರ್ರ. ಡಬ್ಬಿಂದ ಈಗ ತೆಗದಿದ್ದು. ಹೊಸಾದ್ಯಾವುದು ಹಳೇದ್ಯಾವುದು ಅಂತ ನಮ್ಮ ಮಾವಗ ತಿಳಿಯಂಗಿಲ್ಲ. ಕಣ್ಣು ಹೋಗಿ ಎರಡು ವರ್ಷ ಆತು, ಕೈನೂ ಹೋಗೈತಿ."

ಆಚಾರ್ರು ಬೆಳ್ಳಗಾದ ಹೆಡ್‌ಲೈಟನ್ನು ನೋಡಿದರು, ಚಾಂದಸಾಬರನ್ನು ನೋಡಿದರು. ಕೆಟ್ಟವರಲ್ಲ ಅವರು. ಆದರೆ ಸಿರುಗುಪ್ಪಕ್ಕೆ ಹೊತ್ತಾಗುತ್ತಿತ್ತು. ಪಾಪ, ವಯಸ್ಸಾಯಿತು ಎಂದು ಲೊಚಗುಟ್ಟಿ ಹೊಸ ಜೋಡಿಯನ್ನೇ ಹಾಕೆಂದರು.

"ಇನ್ನೂ ಎರಡು ಕಾಗದ ಉಳದಾವ," ಎಂದರು ಚಾಂದಸಾಬರು, ಒದ್ದೆ ಕೈ ಮುಂದೆ ಚಾಚಿಕೊಂಡು.

ಮುಸ್ಕಾನ್ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿದಾಗಿನಿಂದ ಆ ಬಕೆಟ್ಟಿನ ಪಕ್ಕದಲ್ಲೇ ಬೆಳೆದವಳು. ಬೆಳ್ಳಗಾದದ್ದು ತಿಳಿಯಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಗಳಕ್ಕೆ ಸಿದ್ಧನಾಗಿ ಮುಜಾಫರ್ ಸೊಂಟಕ್ಕೆ ಕೈಕೊಟ್ಟು ನಿಂತ. ಅವಳು ಗಂಡನ ಮುಖ ನೋಡಿದಳು, ಡಬ್ಬಿ ಕೆಳಗಿಟ್ಟಳು, ಅಪ್ಪನ ಕೈ ಒರೆಸಿ ಎಬ್ಬಿಸಿಕೊಂಡು ಮನೆಗೆ ನಡೆದಳು. ಬೆಳಿಗ್ಗೆ ಸಂಜೆ ಅಪ್ಪನನ್ನು ಕೈಹಿಡಿದು ರಸ್ತೆ ದಾಟಿಸುವುದು ಅವಳಿಗೂ ಸಾಕಾಗಿತ್ತು. ಅದು ತಿಳಿದಾಗ ಮುಜಾಫರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನವೇ ಚಾಂದಸಾಬರನ್ನು ಕುರುಗೋಡಿನ ಹಿರಿಮಗಳ ಮನೆಗೆ ಸಾಗಿಸಿದರು. ಸ್ಟೂಲಿನ ಜಾಗಕ್ಕೆ ರ‍್ಯಾಕ್ ಬಂತು. ಬೆಳ್ಳಗಾದ ಆ ಹೆಡ್‌ಲೈಟನ್ನು ಎಸೆಯಲು ಮುಜಾಫರ್‌ಗೆ ಮನಸ್ಸಾಗಲಿಲ್ಲ. ಹಲಗೆಯೊಂದಕ್ಕೆ ಅದನ್ನೂ ಪಕ್ಕಕ್ಕೊಂದು ಹೊಸದನ್ನೂ ಬಿಗಿದು, ಕೆಳಗೆ 'ನಿಮ್ಮದು', 'ನಮ್ಮದು' ಎಂದು ಬರೆಸಿ ಬಾಗಿಲ ಪಕ್ಕ ನೇತುಹಾಕಿದ. ನೋಡಿದವರು ತಮ್ಮ ಕಾರಿನದೂ ಹಾಗೇ ಆಗಿದೆಯೆಂದು ಗಾಬರಿಯಾಗಿ ಹೊಸದು ಕೊಳ್ಳುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಚಾಂದಸಾಬರನ್ನು ಆಸ್ಪತ್ರೆಗೆ ತೋರಿಸಲು ಬಳ್ಳಾರಿಗೆ ಕರೆತಂದರು. ಮುಸ್ಕಾನ್ ಅವರನ್ನು ಅಂಗಡಿ ಬಾಗಿಲಲ್ಲಿ ನಿಲ್ಲಿಸಿ ಆಟೊ ಕರೆಯಲು ಹೋದಳು. ಆಸರೆಗೆಂದು ಗೋಡೆ ತಡಕಿದಾಗ ಹಲಗೆ ಕೈಗೆ ಸಿಕ್ಕಿತು. ಬೆರಳು ಹೆಡ್‌ಲೈಟಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಹೋಯಿತು, ಗೆರೆ ಹಿಡಿದು ಮತ್ತೆ ಬಂತು. ತಮ್ಮ ಕೈ ಅವರಿಗೆ ಗೊತ್ತಾಯಿತು.

"ಇದು ನಾನು ಉಜ್ಜಿದ್ದು," ಎಂದರು, ಒಳಗಿದ್ದ ಅಳಿಯನಿಗೆ ಕೇಳುವಂತೆ. "ಹೊಸಾದು ಅಂತ ಅವತ್ತು ಬೆರಳಿಗಿ ಗೊತ್ತಾಗಿತ್ತು ಬೇಟಾ. ನೀ ಯಾಕ ಸುಳ್ಳು ಹೇಳ್ತಿ ಅಂತ ನಂಬಿ ಉಜ್ಜಿದೆ. ಕಾಗದ ಕೊಡು, ಮುಗಸಿ ಹೋಗ್ತೀನಿ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮುಜಾಫರ್ ನಗುತ್ತ, ಈಗ ಹೊತ್ತಾಗಿದೆ ಮಾವಾ ಎಂದು ಅವರ ಕೈ ಬಿಡಿಸಿ ಆಟೊ ಹತ್ತಿಸಿದ.

ಆಟೊ ತಿರುವು ದಾಟಿದ ಮೇಲೆ ಸುತ್ತಿಗೆ ತಂದು ಹಲಗೆ ಬಿಚ್ಚಿದ, ಮುದುಕನ ಕೈಗೆ ಎಟುಕದಷ್ಟು ಮೇಲಕ್ಕೇರಿಸಿ ಮೊಳೆ ಹೊಡೆದ.