ಜೀಪಿನಲ್ಲಿ ಜಾಗ

ಸಾವಿತ್ರಿಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಕೋಣೆಯಿಂದ ಹೊರಬರುವಾಗಲೇ ಓಣಿಯಲ್ಲಿ ಜೀಪು ಬಂದು ನಿಂತಿತು. ಅದರ ಸಪ್ಪಳ ಕೇಳಿ ಅವಳ ಮುಖ ಬಾಡಿತು.

"ಕೂಸು ಅಡ್ಡ ಅದರಿ. ನನ್ನ ಕೈಲೆ ಆಗೂದಿಲ್ಲ. ಸೊಲ್ಲಾಪುರಕ್ಕ ಒಯ್ಯಬೇಕು, ಈಗಿಂದೀಗ," ಎಂದಳು.

ನಾಗಪ್ಪ ಮನೆಗೆ ಹಿರಿಯ. ಒಳಗೆ ನರಳುತ್ತಿದ್ದವಳು ತಮ್ಮ ಸಿದ್ದಣ್ಣನ ಹೆಂಡತಿ ನೀಲಗಂಗಾ. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೂ ತವರಿಗೆ ಹೋಗಿರಲಿಲ್ಲ. ಊರಲ್ಲೇ ದವಾಖಾನೆ ಇದೆಯಲ್ಲ ಎಂಬ ಧೈರ್ಯವೂ ಇತ್ತು. ಅದಕ್ಕೆ ರಸ್ತೆಬದಿಯ ಹೊಲದಲ್ಲಿ ಜಾಗ ಬಿಟ್ಟುಕೊಟ್ಟವನು ಇವರ ತಂದೆ. ಕಟ್ಟಡ ಎದ್ದಿತು, ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು, ನರ್ಸ್ ಸಾವಿತ್ರಿಬಾಯಿ ಬಂದಳು. ಡಾಕ್ಟರು ಮಾತ್ರ ಮುಂದಿನ ಪಂಚವಾರ್ಷಿಕ ಯೋಜನೆಯಲ್ಲಿ ಬರುತ್ತಾರೆ ಎನ್ನುತ್ತಿದ್ದರು. ತಂದೆ ತೀರಿಕೊಂಡ ಮೇಲೂ ಅದೇ ಮಾತು ನಡೆದಿತ್ತು. ಎಮರ್ಜೆನ್ಸಿ ಬಂದ ಮೇಲೆ ಸಾವಿತ್ರಿಬಾಯಿಗೂ ಬಸುರಿಯರನ್ನು ನೋಡಲು ಪುರಸೊತ್ತಿರಲಿಲ್ಲ. ನಸಬಂದಿಗೆ, ಗಂಡಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ, ಕೇಸು ತರಬೇಕೆಂದು ಮೇಲಿನವರು ಅವಳನ್ನು ಓಣಿ ಓಣಿ ತಿರುಗಿಸುತ್ತಿದ್ದರು. ಅವಳು ದೂರದಲ್ಲಿ ಕಂಡರೆ ಸಾಕು, ಗಂಡಸರು ಸಜ್ಜೆಯ ಹೊಲ ಹೊಕ್ಕುಬಿಡುತ್ತಿದ್ದರು.

ಮುಂಜಾನೆಯ ಎಸ್.ಟಿ. ಬಸ್ಸು ಹೋಗಿಯಾಗಿತ್ತು. ಹಿಂದಿನ ದಿನದ ಮಳೆಗೆ ಕಪ್ಪು ಎರಿಮಣ್ಣು ಉಬ್ಬಿ, ಚಕ್ಕಡಿ ಹೂಡಿದರೆ ಊರ ಅಗಸಿ ದಾಟುವ ಹಾಗಿರಲಿಲ್ಲ. ಉಳಿದದ್ದು ನಸಬಂದಿಯ ಕೇಸು ಒಯ್ಯಲು ಬಂದ ಈ ಜೀಪು ಒಂದೇ.

ತಾಲೂಕಿನಿಂದ ಬಂದ ಸಾಹೇಬರು ಒರಟರಲ್ಲ. ನಿದ್ದೆಗೆಟ್ಟ ಕಣ್ಣಿನ, ಮಧ್ಯವಯಸ್ಸಿನ ಮನುಷ್ಯ. ಸಾವಿತ್ರಿಬಾಯಿ ಮರಾಠಿಯಲ್ಲಿ ಕೈಮುಗಿದು ಬೇಡಿಕೊಂಡದ್ದನ್ನೆಲ್ಲ ಕೇಳಿಸಿಕೊಂಡರು. ಅಕ್ಕಲಕೋಟೆಯ ಕ್ಯಾಂಪಿಗೆ ಇವತ್ತು ದೊಡ್ಡ ಅಧಿಕಾರಿಗಳು ಬರುವವರಿದ್ದಾರೆ, ಕೇಸಿಲ್ಲದೆ ಹೋದರೆ ತಮ್ಮನ್ನೂ ಅವಳನ್ನೂ ಬಿಡುವುದಿಲ್ಲ ಎಂದರು. ಆಮೇಲೆ ನಾಗಪ್ಪನಿಗೆ ಎಷ್ಟು ಮಕ್ಕಳೆಂದು ಕೇಳಿದರು. ಇಬ್ಬರು ಹೆಣ್ಣುಮಕ್ಕಳು ಎಂದ.

"ಹಂಗಾದ್ರ ನೀವಽ ಕೇಸ್ ಆಗಿ ಬರ್ರಿ. ನಿಮ್ಮ ಸಂಗಟ ಪೇಶಂಟ್‌ನೂ ಕರ್ಕೊಂಡೆ ಅಂತ ಹೇಳಲಾಕ ನನಗೂ ಬರ್ತದ. ಕ್ಯಾಂಪಿನಿಂದ ಗಾಡಿ ಸೊಲ್ಲಾಪುರಕ್ಕ ಕಳಿಸ್ತೀನಿ."

ಸಿದ್ದಣ್ಣ ಮುಂದೆ ಬಂದು ತಾನು ಬರುತ್ತೇನೆಂದ. ಮಕ್ಕಳಿಲ್ಲದವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಸಾಹೇಬರು ತಲೆಯಾಡಿಸಿದರು.

ನಾಗಪ್ಪನ ಹೆಂಡತಿ ರತ್ನಾಬಾಯಿ ಬಿಸಿನೀರಿನ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಗಂಡುಮಗುವಿಗಾಗಿ ಅವಳು ಎರಡು ವರ್ಷದಿಂದ ಸೋಮವಾರದ ಉಪವಾಸ ಹಿಡಿಯುತ್ತಿದ್ದಳು. ನಾಗಪ್ಪ ಅವಳ ಕಡೆ ನೋಡಿದ. ಒಳಗಿನಿಂದ ನೀಲಗಂಗಾಳ ದನಿ ಕೇಳಿಸಿತು.

"ಹೋಗ್ರಿ," ಎಂದಳು ರತ್ನಾಬಾಯಿ.

ನೀಲಗಂಗಾಳನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಸಾವಿತ್ರಿಬಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸಿದ್ದಣ್ಣ ಹಿಂದೆ ಜೋತುಬಿದ್ದ. ನಾಗಪ್ಪ ಕೆಳಗೆ, ಸೀಟಿಗೆ ಒತ್ತಿ ಕೂತ. ಭಾವನ ಎದುರು ಎಂದೂ ಸೆರಗು ಜಾರಗೊಡದ ಹುಡುಗಿ ದಾರಿಯುದ್ದಕ್ಕೂ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಕ್ಯಾಂಪು ಒಂದು ಸಾಲೆಯಲ್ಲಿತ್ತು. ಜೀಪು ಅಂಗಳದಲ್ಲಿ ನಿಂತದ್ದೇ, ಅದನ್ನು ಬೇರೊಂದು ಊರಿಗೆ ಕಳಿಸಬೇಕೆಂದು ಆಜ್ಞೆ ಬಂತು. ಸಾವಿತ್ರಿಬಾಯಿ ಓಡಿಹೋಗಿ ಒಬ್ಬ ಡಾಕ್ಟರನ್ನು ಕರೆತಂದಳು. ಅವರು ಹೊಟ್ಟೆ ಮುಟ್ಟಿ ನೋಡಿ, ಇದಕ್ಕೆ ಬೇಕಾದದ್ದು ಇಲ್ಲಿ ಏನೂ ಇಲ್ಲ, ಸೊಲ್ಲಾಪುರವೇ ಗತಿ ಎಂದರು. ತಮ್ಮ ಸರದಿ ಕಾದವರ ಕಡೆ ತಿರುಗಿ ನೋಡಿ, ಒಳಗೆ ಹೋದರು.

ನಾಗಪ್ಪ ಸಾಹೇಬರ ಮುಂದೆ ನಿಂತ. "ಗಾಡಿ ಸೊಲ್ಲಾಪುರದ ಹಾದಿ ಹಿಡದ ಮ್ಯಾಲೇ ನಾ ಒಳಗ ಬರ್ತೀನಿ."

ಸಾಹೇಬರು ದೊಡ್ಡವರನ್ನು ಕೇಳಿಬರಲು ಹೋದರು. ದೊಡ್ಡವರು ಭಾಷಣದಲ್ಲಿದ್ದರು. ಬಿಸಿಲು ಅಂಗಳ ದಾಟಿ ಜೀಪಿನೊಳಗೆ ಬಂತು. ಸಿದ್ದಣ್ಣ ಟವೆಲು ಹಿಡಿದು ಹೆಂಡತಿಗೆ ನೆರಳು ಮಾಡಿದ. ಅವಳು ನರಳುವುದನ್ನು ನಿಲ್ಲಿಸಿದ್ದಳು, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಕೊನೆಗೆ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಂದು, ಮೊದಲು ನೀವು ಒಳಗೆ ಹೋಗಿ, ಇಲ್ಲದಿದ್ದರೆ ಗಾಡಿ ಬಿಡಲಾರೆ ಎಂದರು. ಅವರ ದನಿಯಲ್ಲೂ ಬೇಡಿಕೆಯೇ ಇತ್ತು. ನಾಗಪ್ಪ ಹೋದ. ಸಾಲೆಯ ಮೇಜಿನ ಮೇಲೆ ಮಲಗಿ, ಕಿಟಕಿಯಾಚೆ ಜೀಪು ಶುರುವಾಗುವುದನ್ನು ಕೇಳಿಸಿಕೊಂಡ.

ಸೊಲ್ಲಾಪುರದಲ್ಲಿ ಹೊಟ್ಟೆ ಕೊಯ್ದು ತೆಗೆಯುವ ಹೊತ್ತಿಗೆ ಕೂಸಿನ ಜೀವ ಹೋಗಿತ್ತು. ಗಂಡು, ತುಂಬಾ ಬೆಳೆದಿತ್ತು. ತಾಯಿ ಉಳಿದಳು. ಅಣ್ಣನಿಗೆ ಈ ಸುದ್ದಿ ಹೇಳುವಾಗ ಸಿದ್ದಣ್ಣ ನೆಲ ನೋಡುತ್ತಿದ್ದ. ಆಮೇಲೂ ಅವನು ಅಣ್ಣನ ಮುಖ ನೋಡಿ ಮಾತಾಡಲಿಲ್ಲ.

ನೀಲಗಂಗಾ ಮನೆಗೆ ಬಂದ ವಾರ ಸಾಹೇಬರು ಮತ್ತೆ ಬಂದರು. ನಾಗಪ್ಪ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡಿಸಿದ. ಮುಂದಿನ ಯೋಜನೆಗೆ ನಿಮ್ಮ ಊರಿನ ಹೆಸರು ಮೇಲೆ ಹೋಗಿದೆ, ಡಾಕ್ಟರ ಜೊತೆ ಕ್ವಾರ್ಟರ್ಸು ಕೂಡ ಬರುತ್ತದೆ ಎಂದು ಅವರು ಹೇಳಿದರು. ನಾಗಪ್ಪ ಹೂಂಗುಟ್ಟಿದ.

ರತ್ನಾಬಾಯಿ ಒಳಕೋಣೆಯಿಂದ ಬಟ್ಟಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ನೀಲಗಂಗಾಳ ಎದೆಹಾಲು ಇನ್ನೂ ನಿಂತಿರಲಿಲ್ಲ. ಯಾರೂ ತುಳಿಯದ ಜಾಗ ನೋಡಿ, ನಿಂಬೆಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸಣ್ಣಗೆ ಸುರಿದಳು. ಎರಿಮಣ್ಣು ಅದನ್ನು ತಕ್ಷಣ ಕುಡಿಯಲಿಲ್ಲ. ಹಾಲು ಬೆಳ್ಳಗೆ ನಿಂತಿತ್ತು.