ಮೇಷ್ಟ್ರ ಎಡಗೈ

ಔಷಧಿ ಸಾಗಿಸುವ ಆಫೀಸಿನ ಅಂಗಳಕ್ಕೆ ಕರೆಂಟಿನ ಹೊಸ ಬೈಕು ಬಂದಿಳಿದದ್ದೇ ತಡ, ಸವಾರರ ಬಾಯಿಗೆ ಬೀಗವೇ ಇಲ್ಲದಂತಾಯಿತು. ಬೆನ್ನುನೋವಿನ ಬಡಕಲ ಒಂದು ಸುತ್ತು ಹೊಡೆದು ಬಂದು, "ಅಬ್ಬಾ, ಹಾಸಿಗೆ ಮೇಲೆ ಕೂತಂಗಿತ್ತು ಕಣ್ರೋ" ಅಂದ. ದಢೂತಿಯೊಬ್ಬ ಮೂಗು ಮುರಿದ: "ಸದ್ದಿಲ್ಲ, ಸುದ್ದಿಯಿಲ್ಲ, ಇದೂ ಒಂದು ಬೈಕಾ? ನಡುದಾರೀಲಿ ಚಾರ್ಜು ಮುಗಿದ್ರೆ ನಿಮ್ಮಪ್ಪ ಬಂದು ತಳ್ತಾನಾ?"

ಮೇಷ್ಟ್ರು ಮಾತ್ರ ಗೋಡೆಗೊರಗಿ ನಗುತ್ತಿದ್ದರು. ಶಾಲೆಯ ಮೇಷ್ಟ್ರಲ್ಲ, ಅಲ್ಲಿದ್ದ ಅರ್ಧ ಜನಕ್ಕೆ ಬೈಕು ಕಲಿಸಿದ್ದಕ್ಕೆ ಬಿದ್ದ ಹೆಸರು. ಮೂವತ್ತು ವರ್ಷ ರಸ್ತೆಯನ್ನೇ ನಂಬಿ ಬದುಕಿದವರು. ಮೇಲೆ ನಗು, ಒಳಗೆ ಹೆದರಿಕೆ. ಹೊಸ ಬೈಕು ಓಡಿಸಿ ತೋರಿಸಿದವರಿಗೆ ರಸ್ತೆ, ಆಗದವರಿಗೆ ಗೋಡೌನಿನಲ್ಲಿ ಡಬ್ಬಕ್ಕೆ ಚೀಟಿ ಅಂಟಿಸುವ ಕೆಲಸ ಅಂತ ಮ್ಯಾನೇಜರು ಹೇಳಿಬಿಟ್ಟಿದ್ದ. ನಾಲ್ಕು ಗೋಡೆ ಮಧ್ಯೆ ಕೂರಿಸಿದರೆ ತಾನು ಬದುಕಿದ್ದೂ ಸತ್ತಂತೆ ಅಂತ ಮೇಷ್ಟ್ರಿಗೆ ಗೊತ್ತಿತ್ತು.

ಎಲ್ಲರಿಗೂ ಗಾಡಿಯ ವಿಷಯ ತಿಳಿಸಿಕೊಡುವ ಜವಾಬ್ದಾರಿ ಅವರ ಅಳಿಯನದು. ಮಗಳನ್ನು ಕೊಟ್ಟು, ಈ ಕೆಲಸಕ್ಕೂ ಸೇರಿಸಿದ್ದು ಮೇಷ್ಟ್ರೇ. ಅವನು ಹತ್ತಿರ ಬಂದು, "ಮಾವ, ಇದರಲ್ಲಿ ಎಡಗೈದು..." ಅಂತ ಬಾಯಿ ತೆಗೆದ.

"ಎಲಾ ಇವನ! ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ನಿನಗೆ ತೋರಿಸಿದ್ದು ಯಾರೋ? ಅಜ್ಜಿಗೇ ಕೆಮ್ಮೋದು ಕಲಿಸೋಕೆ ಬಂದ ನೋಡ್ರೋ!"

ಅಂಗಳವೆಲ್ಲ ಗೊಳ್ಳೆಂದಿತು. ಅಳಿಯನ ಮುಖ ಸಣ್ಣಗಾಯಿತು. ಹೇಳಬೇಕೆಂದಿದ್ದನ್ನು ಅಲ್ಲಿಗೇ ಬಿಟ್ಟು ಹಿಂದೆ ಸರಿದ.

ಹಿಂದಿನ ಪೆಟ್ಟಿಗೆಯಲ್ಲಿ ಔಷಧಿ ಬಾಟಲಿ ತುಂಬಿಕೊಂಡು ಮೇಷ್ಟ್ರು ಹೊರಟರು. ನೆಟ್ಟಗಿರುವ ತನಕ ಗಾಡಿ ಸಲೀಸಾಗಿ ಹೋಯಿತು. ಗೇಟಿನ ಬಳಿ ತಿರುವು. ತಿರುವು ಕಂಡರೆ ಅವರ ಎಡಗೈ ಕ್ಲಚ್ಚು ಹಿಡಿಯುವುದು ಇಂದು ನಿನ್ನೆಯದಲ್ಲ. ತಾನಾಗಿಯೇ ಹಿಡಿಯಿತು, ಬಿಗಿಯಾಗಿ. ಈ ಗಾಡಿಗೆ ಕ್ಲಚ್ಚೇ ಇಲ್ಲ. ಎಡಗೈಗೆ ಸಿಕ್ಕಿದ್ದು ಹಿಂದಿನ ಬ್ರೇಕು. ಚಕ್ರ ಕಚ್ಚಿ ನಿಂತು, ಗಾಡಿ ಜಾರಿ, ಮೇಷ್ಟ್ರು ದೊಪ್ಪನೆ ಬಿದ್ದರು. ಬಾಟಲಿಗಳು ಒಡೆದು ಔಷಧಿ ನೆಲದ ಮೇಲೆ ಹರಿಯಿತು.

ಮ್ಯಾನೇಜರು ಓಡಿಬಂದ. ಬಿದ್ದವರನ್ನು ಎಬ್ಬಿಸಲಿಲ್ಲ, ಅಳಿಯನ ಕಡೆ ತಿರುಗಿದ. "ಎಡಗೈದು ಬ್ರೇಕು ಅಂತ ಇವರಿಗೆ ಹೇಳಿದ್ಯೇನಯ್ಯಾ? ಹೇಳಿಲ್ಲ ಅಂದ್ರೆ ನಾಳೆಯಿಂದ ನೀನು ಬರೋದೇ ಬೇಡ."

ಅಳಿಯ ಮಾವನ ಮುಖ ನೋಡಲಿಲ್ಲ. "ಹೇಳಿದ್ದೆ ಸಾರ್. ಮರೆತಿರಬೇಕು. ವಯಸ್ಸಾಯ್ತಲ್ವಾ."

ಮೇಷ್ಟ್ರು ಬಿದ್ದಲ್ಲಿಂದಲೇ ತಲೆಯೆತ್ತಿ ಅಳಿಯನನ್ನು ನೋಡಿದರು. ಥೂ, ಎಂಥ ಮಾತಾಡಿಬಿಟ್ಟ! ಆಗ ಗೊಳ್ಳೆಂದು ನಕ್ಕವರೆಲ್ಲ ಈಗ ನೆಲ ನೋಡುತ್ತಿದ್ದರು. ಸುಳ್ಳು ಅನ್ನೋಣವೆಂದರೆ ಮಗಳ ಮನೆ ಒಲೆ ಉರಿಯುವುದು ಹೇಗೆ? ಬಾಯಿ ಮುಚ್ಚಿಸಿದ್ದು ನಾನೇ ಅಂದರೂ, ಅವನು ಹೇಳಿರಲಿಲ್ಲ ಅಂತಲೇ ಆಗುತ್ತದೆ.

"ಹೌದು ಸಾರ್," ಅಂದರು. "ಹೇಳಿದ್ದ. ನನಗೇ ಮರೆತುಹೋಯ್ತು."

ಮ್ಯಾನೇಜರು ಗೋಡೌನಿನ ಕಡೆ ಕೈ ತೋರಿಸಿದ. ಅಳಿಯ ಕೈಲಾಗದ ಮುದುಕನನ್ನು ನಡೆಸುವಂತೆ ಮಾವನ ತೋಳು ಹಿಡಿದುಕೊಂಡ. "ಮೆಲ್ಲಗೆ ಮಾವ, ಅಲ್ಲಿ ಮೆಟ್ಟಿಲಿದೆ."

ಮೂವತ್ತು ವರ್ಷದಿಂದ ಆ ಮೆಟ್ಟಿಲು ಹತ್ತಿ ಇಳಿದ ಮೇಷ್ಟ್ರು, "ಹೂಂ" ಅಂದರು.